ಮುಳುಗೋ ಚರ್ಚ್ ನೋಡಬೇಕಾ? ಮೊದಲು ಡ್ಯಾಂ ಲೆಕ್ಕ ನೋಡಿ

ಮಳೆಗಾಲ ಶುರುವಾಯ್ತು ಅಂದ್ರೆ ಹಾಸನದವರಿಗೆ ಬೆಂಗಳೂರಿನ ನೆಂಟರಿಂದ ಒಂದು ಫೋನ್ ಗ್ಯಾರಂಟಿ. ‘ಶೆಟ್ಟಿಹಳ್ಳಿ ಚರ್ಚ್ ಮುಳುಗಿದೆಯಾ? ಈ ಭಾನುವಾರ ಬರಬಹುದಾ?’ ಸುಮ್ನೆ ‘ಬನ್ನಿ’ ಅಂದುಬಿಟ್ಟರೆ ಆಮೇಲೆ ಮಾತು ಕೇಳಬೇಕಾಗುತ್ತದೆ. ಜೂನ್ ಮೊದಲ ವಾರ ಬಂದು, ನೀರೇ ಇಲ್ಲದ ಬಯಲು ನೋಡಿ ಮುಖ ಸಪ್ಪೆ ಮಾಡಿಕೊಂಡು ಹೋಗುವವರು ಬೇಕಾದಷ್ಟಿದ್ದಾರೆ. ಮುಳುಗಿ ಏಳುವ ಜಾಗ ಎಲ್ಲೇ ಇರಲಿ, ಅದಕ್ಕೊಂದು ಲೆಕ್ಕ ಇರುತ್ತದೆ. ಕೆಲವು ಕಡೆ ಅಣೆಕಟ್ಟಿನದು, ಕೆಲವು ಕಡೆ ಚಂದ್ರನದು, ಇನ್ನು ಕೆಲವು ಕಡೆ ಹಿಮದ್ದು. ಅದು ಗೊತ್ತಿದ್ದರೆ ಮನೆಯಲ್ಲೇ ಕೂತು ದಿನ ಗೊತ್ತು ಮಾಡಬಹುದು.

ಮೊದಲು: ಏನು ನೋಡಬೇಕು ಅಂತ ತೀರ್ಮಾನಿಸಿ

ಶೆಟ್ಟಿಹಳ್ಳಿಯ ರೋಸರಿ ಚರ್ಚ್ ಹಾಸನದಿಂದ ಸುಮಾರು 20 ಕಿ.ಮೀ. ದೂರ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗೊರೂರಿನಲ್ಲಿ 1979ರಲ್ಲಿ ಹೇಮಾವತಿ ಅಣೆಕಟ್ಟು ಮುಗಿಯಿತು. ಹಿನ್ನೀರು ಹರಡಿ, ಊರಿನವರು ಬೇರೆ ಕಡೆ ಹೋದರು. ಚರ್ಚ್ ಮಾತ್ರ ಅಲ್ಲೇ ಉಳಿಯಿತು. ಸೂರು ಈಗಿಲ್ಲ. ಗೋಡೆ, ಕಮಾನುಗಳಷ್ಟೇ ಇವೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಅದು ಪೂರ್ತಿ ಮುಳುಗುವುದಿಲ್ಲ. ಡ್ಯಾಂ ತುಂಬಿದಾಗ ಕೆಳಭಾಗ ನೀರಿನೊಳಗೆ ಹೋಗುತ್ತದೆ, ಮೇಲಿನ ಕಮಾನುಗಳು ಕಾಣುತ್ತಲೇ ಇರುತ್ತವೆ. ನೀರಲ್ಲಿ ನಿಂತ ಚರ್ಚ್ ಬೇಕಿದ್ದರೆ ಒಳ್ಳೆ ಮಳೆಯಾದ ವರ್ಷದ ಆಗಸ್ಟ್‌ನಿಂದ ಅಕ್ಟೋಬರ್ ಸರಿ. ಒಳಗೆಲ್ಲ ನಡೆದಾಡಬೇಕಿದ್ದರೆ ಫೆಬ್ರುವರಿಯಿಂದ ಮೇ. ಫೋಟೊಗೆ ಮಳೆಗಾಲ ಚೆನ್ನ. ಕಟ್ಟಡ ನೋಡುವುದಕ್ಕೆ ಬೇಸಿಗೆಯೇ ವಾಸಿ ಅಂತ ನಾನು ಹೇಳುವುದು.

ಎರಡನೆಯದು: ಪೇಪರಿನ ಮೂಲೆಯ ಪಟ್ಟಿ ಓದಿ

ಮಳೆಗಾಲದಲ್ಲಿ ಪತ್ರಿಕೆಗಳಲ್ಲಿ ಜಲಾಶಯಗಳ ಮಟ್ಟದ ಪಟ್ಟಿ ಬರುತ್ತದೆ. ರೈತರು ತಪ್ಪದೆ ನೋಡುತ್ತಾರೆ, ಮಿಕ್ಕವರು ಹಾಳೆ ತಿರುವುತ್ತಾರೆ. ಅದರಲ್ಲಿ ಹೇಮಾವತಿ ಸಾಲು ಹುಡುಕಿ.

‘ಗರಿಷ್ಠ ಮಟ್ಟ 2922 ಅಡಿ’ ಅಂತಿರುತ್ತದೆ. ಅಷ್ಟು ಆಳ ಅಂತಲ್ಲ, ಸಮುದ್ರಮಟ್ಟದಿಂದ ಎಣಿಸಿದ ಎತ್ತರ ಅದು. ಪಕ್ಕದ ಕೆ.ಆರ್.ಎಸ್. ಸಾಲಿನಲ್ಲಿ 124.80 ಅಡಿ ಅಂತಿರುತ್ತದೆ. ಅಲ್ಲಿ ಲೆಕ್ಕ ಶುರುವಾಗುವುದು ಅಣೆಕಟ್ಟೆಯ ತಳದಿಂದ. ಹಾಗಾಗಿ ಎರಡನ್ನೂ ಹೋಲಿಸಲು ಹೋಗಬೇಡಿ. ‘ಇಂದಿನ ಮಟ್ಟ’ 2922ಕ್ಕೆ ಹತ್ತಿರವಾದಷ್ಟೂ ಚರ್ಚಿಗೆ ನೀರು ಜಾಸ್ತಿ, ಅಷ್ಟು ಗೊತ್ತಿದ್ದರೆ ಸಾಕು.

ಮುಂದಿನ ವಾರ ಎಷ್ಟಿರುತ್ತದೆ ಅಂತಲೂ ಅಂದಾಜು ಮಾಡಬಹುದು. ಒಳಹರಿವಿನಿಂದ ಹೊರಹರಿವನ್ನು ಕಳೆಯಿರಿ. ಒಂದು ಕ್ಯುಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್ ನೀರು. ದಿನವಿಡೀ 11,574 ಕ್ಯುಸೆಕ್ ಹರಿದುಬಂದರೆ ಒಂದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ ಆಗುತ್ತದೆ. ಒಳಗೆ 25 ಸಾವಿರ ಕ್ಯುಸೆಕ್ ಬರುತ್ತಿದೆ, ಹೊರಗೆ 2 ಸಾವಿರ ಹೋಗುತ್ತಿದೆ ಅಂತಿಟ್ಟುಕೊಳ್ಳಿ. ಉಳಿದದ್ದು 23 ಸಾವಿರ, ಅಂದರೆ ದಿನಕ್ಕೆ ಹತ್ತಿರಹತ್ತಿರ 2 ಟಿಎಂಸಿ. ಡ್ಯಾಂ ಹಿಡಿಯುವುದು ಒಟ್ಟು ಸುಮಾರು 37 ಟಿಎಂಸಿ. ಎಷ್ಟು ಬಾಕಿ ಇದೆಯೋ ಅದನ್ನು 2ರಿಂದ ಭಾಗಿಸಿ. ಮಳೆ ಹೀಗೇ ಹಿಡಿದರೆ ತುಂಬಲು ಎಷ್ಟು ದಿನ ಅಂತ ಸಿಕ್ಕಿತು. ಮೂರು ದಿನ ಮಳೆ ಬಿಟ್ಟರೆ ಈ ಲೆಕ್ಕವೂ ಕೆಡುತ್ತದೆ, ಅದು ಬೇರೆ ಮಾತು.

ಹಾಸನ ಪೇಟೆಯಲ್ಲಿ ಕೊಡೆ ಬಿಚ್ಚಬೇಕಾಯ್ತಾ ಇಲ್ಲವಾ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನಲ್ಲಿ. ಅಲ್ಲಿಂದ ಸಕಲೇಶಪುರ ದಾಟಿ ಗೊರೂರಿಗೆ ಬರುತ್ತಾಳೆ. ಪುನರ್ವಸು, ಪುಷ್ಯ, ಆಶ್ಲೇಷ ಮಳೆಗಳು ಮಲೆನಾಡಿನಲ್ಲಿ ಹೊಯ್ದರೆ ಇಲ್ಲಿ ಬಿಸಿಲಿದ್ದರೂ ಹಿನ್ನೀರು ಏರುತ್ತದೆ.

ಮೂರನೆಯದು: ಹೋದ ಮೇಲೆ

ಸ್ವಂತ ಗಾಡಿ ಇದ್ದರೆ ಸಲೀಸು. ಬೆಳಿಗ್ಗೆ ಬೇಗ ಹೋಗಿ. ನೀರಿದ್ದಾಗ ತೆಪ್ಪ ಹತ್ತುವುದಾದರೆ ಲೈಫ್ ಜಾಕೆಟ್ ಕೇಳಿ. ಇಲ್ಲ ಅಂದರೆ ದಡದಲ್ಲೇ ನಿಂತು ನೋಡಿ, ನಷ್ಟವೇನಿಲ್ಲ.

ನೀರು ಇಳಿಯುವ ತಿಂಗಳುಗಳಲ್ಲಿ ಕೆಸರಿನ ಬಗ್ಗೆ ಎಚ್ಚರ. ಮೇಲೆ ಒಣಗಿ ಬಿರುಕು ಬಿಟ್ಟಿರುತ್ತದೆ, ಗಟ್ಟಿ ನೆಲ ಅನ್ನಿಸುತ್ತದೆ. ಕಾಲಿಟ್ಟರೆ ಮೊಣಕಾಲವರೆಗೆ ಹೂತುಕೊಳ್ಳಬಹುದು. ಕಾರಂತೂ ಇಳಿಸಲೇಬೇಡಿ. ಗೋಡೆಯ ಹತ್ತಿರ ಹೋದಾಗ ಗಾರೆ ಉದುರಿದ ಕಡೆ ನೋಡಿ. ಇಟ್ಟಿಗೆಯ ಅಂಚು ಸವೆದು ದುಂಡಗಾಗಿರುತ್ತದೆ. ವರ್ಷ ವರ್ಷ ನೆನೆದು, ಒಣಗಿ, ಮತ್ತೆ ನೆನೆದು ಆದದ್ದು. ಸದಾ ನೀರೊಳಗೇ ಇದ್ದಿದ್ದರೆ ಇಷ್ಟು ಕೆಡುತ್ತಿರಲಿಲ್ಲ. ಹೀಗಾಗಿ ಕಮಾನಿನ ಕೆಳಗೆ ನಿಂತು ಸೆಲ್ಫಿ ಬೇಡ. ಗೋಡೆ ಹತ್ತಿ ಕೂರುವವರಿಗೆ ಹೇಳಿ ಪ್ರಯೋಜನವಿಲ್ಲ, ಆದರೂ ಹೇಳಿದ್ದೇನೆ.

ನಾಲ್ಕನೆಯದು: ಸಮುದ್ರದ ಕಡೆ ಹೊರಟರೆ ಪಂಚಾಂಗ ತೆಗೆಯಿರಿ

ಗುಜರಾತಿನ ಭಾವನಗರದ ಹತ್ತಿರ ಕೋಳಿಯಾಕ್ ಅಂತ ಊರಿದೆ. ಅಲ್ಲಿನ ನಿಷ್ಕಳಂಕ ಮಹಾದೇವನ ಐದು ಲಿಂಗಗಳು ಸಮುದ್ರದೊಳಗಿವೆ. ಪಾಂಡವರು ಪೂಜಿಸಿದ್ದು ಅಂತ ಪ್ರತೀತಿ. ನೀರಿಳಿದಾಗ ಮರಳ ಮೇಲೆ ನಡೆದು ಹೋಗಿ ದರ್ಶನ ಮಾಡಬೇಕು. ನಮ್ಮ ಬೆನಕನ ಅಮಾವಾಸ್ಯೆಯ ದಿನವೇ ಅಲ್ಲಿ ಜಾತ್ರೆ.

ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ಉಬ್ಬರವೂ ಜೋರು, ಇಳಿತವೂ ಜೋರು. ಅಷ್ಟಮಿ ಹೊತ್ತಿಗೆ ಎರಡೂ ಮಂದ. ಉಬ್ಬರ ದಿನಕ್ಕೆ ಎರಡು ಸಲ ಬರುತ್ತದೆ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ನಿನ್ನೆ ಹೋಗಿ ಬಂದವರ ಟೈಮನ್ನೇ ನಂಬಿಕೊಂಡು ಇವತ್ತು ಹೋಗಬೇಡಿ ಅಂತ ಹೇಳುವುದು ಇದಕ್ಕೇ. ಮುಂಬೈಯ ಹಾಜಿ ಅಲಿ ದರ್ಗಾದ ದಾರಿಯೂ ಹೀಗೆಯೇ ಉಬ್ಬರದಲ್ಲಿ ಮುಚ್ಚಿಹೋಗುತ್ತದೆ.

ಫ್ರಾನ್ಸಿನಲ್ಲಿ ನ್ವಾರ್‌ಮೂಟಿಯೆ ದ್ವೀಪಕ್ಕೆ ಹೋಗುವ ಗ್ವಾ ರಸ್ತೆ 4 ಕಿ.ಮೀ.ಗಿಂತ ಉದ್ದ. ದಿನಕ್ಕೆ ಎರಡು ಸಲ ಅದು ನೀರಡಿ ಹೋಗುತ್ತದೆ. ನೀರು ತೀರಾ ಇಳಿದ ಹೊತ್ತಿಗೆ ಒಂದೂವರೆ ಗಂಟೆ ಹಿಂದೆ, ಒಂದೂವರೆ ಗಂಟೆ ಮುಂದೆ, ಅಷ್ಟರಲ್ಲಿ ದಾಟಿಬಿಡಬೇಕು. ತಡ ಮಾಡಿದವರು ಹತ್ತಿ ಕೂರಲಿ ಅಂತ ರಸ್ತೆ ಪಕ್ಕದಲ್ಲೇ ಎತ್ತರದ ಕಂಬಗಳನ್ನು ನಿಲ್ಲಿಸಿದ್ದಾರೆ. ಅಂದಮೇಲೆ ಸಿಕ್ಕಿಕೊಳ್ಳುವವರು ಅಲ್ಲೂ ಇದ್ದಾರೆ ಅಂತ ಆಯ್ತಲ್ವಾ?

ಕೊನೆಗೆ: ಹಿಮ ಮತ್ತು ಬರ

ಆಸ್ಟ್ರಿಯಾದ ಗ್ರ್ಯೂನರ್ ಸೇ ಕೆರೆ ಚಳಿಗಾಲದಲ್ಲಿ ಚಿಕ್ಕದು, ಸುತ್ತ ಹುಲ್ಲುಗಾವಲು. ವಸಂತದಲ್ಲಿ ಬೆಟ್ಟದ ಹಿಮ ಕರಗಿ ಬಂದು ಕೆರೆ ಉಕ್ಕುತ್ತದೆ. ಹುಲ್ಲು, ಬೆಂಚು, ಸಣ್ಣ ಸೇತುವೆ ಎಲ್ಲ ಹಸಿರು ನೀರೊಳಗೆ. ಮುಳುಗುಗಾರರ ಕಾಟ ಜಾಸ್ತಿಯಾಗಿ 2016ರಿಂದ ಡೈವಿಂಗ್ ನಿಷೇಧ.

ಬರ ಬಿದ್ದಾಗ ಏಳುವ ಜಾಗಗಳಿಗೆ ಮಾತ್ರ ಮೊದಲೇ ಟಿಕೆಟ್ ಮಾಡಲಾಗದು. ಸ್ಪೇನಿನಲ್ಲಿ ಇತಿಹಾಸಪೂರ್ವ ಕಾಲದವರು ನಿಲ್ಲಿಸಿದ ಗ್ವಾದಾಲ್ಪೆರಾಲ್ ಕಲ್ಲುಗಳು 1963ರಲ್ಲಿ ಜಲಾಶಯದಡಿ ಹೋದವು. 2019ರಲ್ಲಿ, 2022ರಲ್ಲಿ ನೀರು ತಳ ಮುಟ್ಟಿದಾಗ ಹೊರಬಂದವು.

ಹತ್ತಿರದಲ್ಲೇ ಬೇಕಿದ್ದರೆ ಎರಡಿವೆ. ಗೋವಾದ ಕುರ್ಡಿ ಊರು ಸಲಾವಲಿ ಅಣೆಕಟ್ಟಿನ ಹಿನ್ನೀರಿನಲ್ಲಿದೆ. ಮೇ ತಿಂಗಳಲ್ಲಿ ನೀರು ಸರಿದಾಗ ಹಳೆಯ ಊರಿನವರು ಬಂದು ದೇವರ ಕಾರ್ಯ, ಚಾಪೆಲ್ ಹಬ್ಬ ಮಾಡುತ್ತಾರೆ. ಅವರ ಪೂಜೆ ನಡುವೆ ಡ್ರೋನ್ ಹಾರಿಸಬೇಡಿ. ಇನ್ನೊಂದು ಶರಾವತಿಯ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೆ. ಇಡೀ ಅಣೆಕಟ್ಟೆಯೇ ಇನ್ನೊಂದು ಅಣೆಕಟ್ಟೆಯ ನೀರಲ್ಲಿ ಮುಳುಗಿದೆ. ಅದಕ್ಕೂ ಅದೇ ಪಟ್ಟಿ ಸಾಕು, ಲಿಂಗನಮಕ್ಕಿ ಸಾಲು ನೋಡಿ. ಗರಿಷ್ಠ 1819 ಅಡಿ. ಬೇಸಿಗೆಯಲ್ಲಿ ಅಲ್ಲಿಂದ ಚೆನ್ನಾಗಿ ಕೆಳಗಿಳಿದಿದ್ದರೆ ಸಾಗರದ ಕಡೆಯವರಿಗೆ ಒಂದು ಫೋನ್ ಹಾಕಿ ಕೇಳಿಕೊಂಡೇ ಹೊರಡಿ.