ತೀರ್ಥಹಳ್ಳಿಯ ಕಚೇರಿಗೆ ಸಿಪ್ ಲೈಬ್ರರಿ ಆರಿಸುವ ಕ್ರಮ

ತೀರ್ಥಹಳ್ಳಿಯ ಅಡಿಕೆ ವ್ಯಾಪಾರದ ಕಚೇರಿಯನ್ನು ಶಿವಮೊಗ್ಗದ ಗೋದಾಮಿಗೆ ಇಂಟರ್ನೆಟ್ ದೂರವಾಣಿಯ ಮೂಲಕ ಜೋಡಿಸುವ ತಂತ್ರಾಂಶ ಬರೆಯುವವರು, ಕರೆಯನ್ನು ಆರಂಭಿಸಿ ಮುಗಿಸುವ ಸಿಪ್ ಎಂಬ ನಿಯಮಾವಳಿಯ ಸಂದೇಶಗಳ ಹೊಣೆಯನ್ನು ಯಾವ ಮುಕ್ತ ಲೈಬ್ರರಿಗೆ (ತಂತ್ರಾಂಶದಲ್ಲಿ ಸೇರಿಸಿಕೊಳ್ಳುವ ಸಿದ್ಧ ಸಂಕೇತಗಳ ಸಂಗ್ರಹಕ್ಕೆ) ಒಪ್ಪಿಸಬೇಕೆಂಬುದನ್ನು ಮೊದಲು ನಿರ್ಧರಿಸಬೇಕು.

ಗ್ನೂ ಓಸಿಪ್ ಎಂಬ ಲೈಬ್ರರಿ ಸಂದೇಶಗಳನ್ನು ವಿಂಗಡಿಸಿ ಓದುವ ಮತ್ತು ಪ್ರತಿ ವಿನಂತಿ-ಉತ್ತರದ ಸ್ಥಿತಿಯನ್ನು ನೋಡಿಕೊಳ್ಳುವ ಕೆಲಸವನ್ನಷ್ಟೇ ಮಾಡುತ್ತದೆ. ನೋಂದಣಿ, ಕರೆ ನಿರ್ವಹಣೆ ಮುಂತಾದವನ್ನು ಸುಲಭಗೊಳಿಸಲು ಅದರ ಮೇಲೆ ಇಎಕ್ಸ್‌ಓಸಿಪ್ ಎಂಬ ಪದರ ಬಂದಿತು. ಆದರೆ ಓಸಿಪ್‌ಗೆ ಎಲ್‌ಜಿಪಿಎಲ್ ಎಂಬ ಸಡಿಲವಾದ ಮುಕ್ತ ಪರವಾನಗಿಯಿದ್ದರೆ ಇಎಕ್ಸ್‌ಓಸಿಪ್‌ಗೆ ಜಿಪಿಎಲ್ ಎಂಬ ಬಿಗಿಯಾದ ಪರವಾನಗಿ ಇದೆ. ಆದ್ದರಿಂದ ಎರಡನೆಯದನ್ನು ಬಳಸಿ ತಂತ್ರಾಂಶವನ್ನು ಇತರರಿಗೆ ಹಂಚುವವರು ತಮ್ಮ ಮೂಲ ಸಂಕೇತವನ್ನೂ ಕೊಡಲು ಸಿದ್ಧರಿರಬೇಕು. ಧ್ವನಿಯ ಭಾಗವೂ ಜೊತೆಗೇ ಬೇಕೆಂದರೆ ಪಿಜೆಸಿಪ್ ಎಂಬ ಲೈಬ್ರರಿ ಸೂಕ್ತ. ಆಸ್ಟರಿಸ್ಕ್ ಎಂಬ ಮುಕ್ತ ದೂರವಾಣಿ ವಿನಿಮಯ ತಂತ್ರಾಂಶವು ತನ್ನ ಹಳೆಯ ಸಿಪ್ ಚಾಲಕವನ್ನು 21ನೆಯ ಆವೃತ್ತಿಯಲ್ಲಿ ಕೈಬಿಟ್ಟು ಇದನ್ನೇ ನೆಚ್ಚಿಕೊಂಡಿದೆ.

ಮುಂದಿನದು ಈ ಸಂದೇಶಗಳನ್ನು ಜಾಲದಲ್ಲಿ ಒಯ್ಯುವ ಸಾಗಣೆ ವಿಧಾನದ ಆಯ್ಕೆ. ನನ್ನ ಮಟ್ಟಿಗೆ ಲೈಬ್ರರಿಯ ಹೆಸರಿಗಿಂತ ಇದೇ ಮುಖ್ಯ. ತಲುಪಿತೇ ಎಂದು ನೋಡದೆ ಕಳುಹಿಸುವ ಯುಡಿಪಿ ವಿಧಾನ ಹಗುರವಾದರೂ, ಮಾರ್ಗದ ಗಾತ್ರಮಿತಿ ತಿಳಿಯದಿದ್ದಾಗ 1300 ಬೈಟ್ ಮೀರಿದ ವಿನಂತಿಯನ್ನು, ಮೊದಲು ಸಂಪರ್ಕ ಕಟ್ಟಿಕೊಂಡು ಕಳುಹಿಸುವ ಟಿಸಿಪಿಯಂಥ ದಟ್ಟಣೆ ನಿಯಂತ್ರಣವುಳ್ಳ ಸಾಗಣೆಯಲ್ಲಿ ಕಳುಹಿಸಬೇಕೆಂದು ಸಿಪ್‌ನ ನಿಯಮಗಳನ್ನು ಹೇಳುವ 2002ರ ದಾಖಲೆ ಆರ್‌ಎಫ್‌ಸಿ 3261 ವಿಧಿಸುತ್ತದೆ. ಮಳೆಗಾಲದಲ್ಲಿ ಕರೆಂಟು ಹೋಗಿ ರೌಟರ್ ಮತ್ತೆ ಆರಂಭವಾದಾಗ ಹಳೆಯ ಟಿಸಿಪಿ ಸಂಪರ್ಕ ಸತ್ತಿರುವುದು ತಂತ್ರಾಂಶಕ್ಕೆ ಕೂಡಲೇ ತಿಳಿಯುವುದಿಲ್ಲವಾದ್ದರಿಂದ, ಜೀವಂತಿಕೆ ಪರೀಕ್ಷಿಸುವ ಸಂದೇಶಗಳನ್ನೂ ಮರುನೋಂದಣಿಯನ್ನೂ ಹೊಂದಿಸಿ, ರೌಟರನ್ನು ಬೇಕೆಂದೇ ಆಫ್ ಮಾಡಿ ಪರೀಕ್ಷಿಸಿರಿ.