ಎಣ್ಣೆ ಅಂದ್ರೆ ಯಾವ ಎಣ್ಣೆ?

ಮಂಗಳೂರಿನ ಒಂದು ಲ್ಯಾಬಿನಲ್ಲಿ ನೀರು ಪರೀಕ್ಷೆ ಮಾಡುವುದು ನನ್ನ ಕೆಲಸ. ಕೆಲವು ವರ್ಷಗಳ ಹಿಂದೆ ಪೆಟ್ರೋಲ್ ಬಂಕ್ ಹತ್ತಿರದ ಮನೆಯವರೊಬ್ಬರು ಬಾವಿ ನೀರು ತಂದರು. ಮುಚ್ಚಳ ತೆಗೆದರೆ ಸಾಕು, ಘಮ್ಮಂತ ಪೆಟ್ರೋಲ್ ವಾಸನೆ. ಫಾರಂನಲ್ಲಿ ಇದ್ದದ್ದು 'ಆಯಿಲ್ ಅಂಡ್ ಗ್ರೀಸ್' ಒಂದೇ ಕಾಲಂ. ಅದನ್ನೇ ಮಾಡಿದೆ. ಫಲಿತಾಂಶ: ಪತ್ತೆಯಾಗಿಲ್ಲ. ಅದೇ ವಾರ ಒಂದು ಹೋಟೆಲಿನ ಮೋರಿ ನೀರಿನಲ್ಲಿ ಲೀಟರಿಗೆ 38 ಮಿಲಿಗ್ರಾಂ ಬಂದಿತ್ತು.

ಬಾವಿಯವರು ರಿಪೋರ್ಟ್ ನೋಡಿ ಕೇಳಿದರು, "ನಿಮ್ಮ ಮಷೀನಿಗೆ ಶೀತ ಆಗಿದೆಯಾ ಸಾರ್?"

ಈ ಪರೀಕ್ಷೆಗೆ ಮಷೀನೇನೂ ಇಲ್ಲ, ಇರುವುದು ತಕ್ಕಡಿ. 1986ರ ಪರಿಸರ ನಿಯಮಗಳ ಸಾಮಾನ್ಯ ಮಾನದಂಡದಲ್ಲಿ ಹೊಳೆ, ಕೆರೆಗೆ ಬಿಡುವ ನೀರಿನಲ್ಲಿ ಎಣ್ಣೆ ಲೀಟರಿಗೆ 10 ಮಿಲಿಗ್ರಾಂ, ಒಳಚರಂಡಿಗಾದರೆ 20 ದಾಟಬಾರದು. ಆದರೆ ಎಣ್ಣೆ ಅಂದ್ರೆ ಏನು ಅಂತ ತೀರ್ಮಾನಿಸುವುದು ಪರೀಕ್ಷೆಯ ವಿಧಾನ. ನೀರಿಗೆ ಆಸಿಡ್ ಹಾಕುತ್ತೇವೆ. ಗಾಜಿನ ಆಲಿಕೆಯಲ್ಲಿ, ಎಣ್ಣೆಯನ್ನು ಕರಗಿಸಿಕೊಳ್ಳುವ ಹೆಕ್ಸೇನ್ ಎಂಬ ದ್ರಾವಕದ ಜೊತೆ ಕುಲುಕುತ್ತೇವೆ. ನಡುನಡುವೆ ಕೊಳಾಯಿ ತಿರುಗಿಸಿ 'ಪುಸ್' ಅಂತ ಗಾಳಿ ಬಿಡಬೇಕು, ಇಲ್ಲದಿದ್ದರೆ ಮುಚ್ಚಳವೇ ಹಾರುತ್ತದೆ. ಮೇಲೆ ತೇಲುವ ಹೆಕ್ಸೇನನ್ನು ತೂಕ ಮಾಡಿಟ್ಟ ಫ್ಲಾಸ್ಕಿಗೆ ಬಸಿದು ಬಿಸಿನೀರಿನ ಮೇಲೆ ಆರಿಸುತ್ತೇವೆ. ಕೊನೆಗೆ ತಳದಲ್ಲಿ ಉಳಿದದ್ದೇ 'ಎಣ್ಣೆ'.

ಹೆಕ್ಸೇನ್ ಕುದಿಯುವುದು 69 ಡಿಗ್ರಿಗೆ. ಪೆಟ್ರೋಲಿನಲ್ಲಿರುವ ಬೆಂಜೀನ್ 80ಕ್ಕೆ. ಹೆಕ್ಸೇನ್ ಆರುವಾಗ ಪೆಟ್ರೋಲಿನ ಹಗುರ ಭಾಗವೂ ಅದರ ಜೊತೆಗೇ ಹೊರಟುಹೋಗುತ್ತದೆ. ದೋಸೆ ಎಣ್ಣೆ ಮಾತ್ರ ಅಲ್ಲಾಡದೆ ಕೂತಿರುತ್ತದೆ! ಹಿಂದೆ ಹೆಕ್ಸೇನ್ ಬದಲು ಫ್ರಿಯಾನ್ ಬಳಸುತ್ತಿದ್ದರು. ಓಝೋನ್ ಪದರಕ್ಕೆ ಅಪಾಯ ಅಂತ ಅದನ್ನು ಬಿಟ್ಟರು. ದ್ರಾವಕ ಬದಲಾದರೆ 'ಎಣ್ಣೆ'ಯ ಅರ್ಥವೂ ಸ್ವಲ್ಪ ಬದಲಾದಂತೆ, ಅಲ್ವಾ?

ತಪ್ಪು ನನ್ನದೂ ಇತ್ತು. ಪ್ಲಾಸ್ಟಿಕ್ ಬಾಟಲಿಯಲ್ಲಿ ತಂದ ನೀರನ್ನು ಸುಮ್ನೆ ತೆಗೆದುಕೊಂಡಿದ್ದೆ. ಎರಡನೇ ಸಲ ನಾನೇ ಬಾವಿಗೆ ಹೋದೆ. 40 ಮಿಲಿಲೀಟರಿನ ಗಾಜಿನ ಸೀಸೆಯನ್ನು ಕಂಠಪೂರ್ತಿ ತುಂಬಿಸಿ, ತಲೆಕೆಳಗೆ ಹಿಡಿದು ಗುಳ್ಳೆ ಇಲ್ಲ ಅಂತ ಖಾತ್ರಿ ಮಾಡಿಕೊಂಡು (ಇದ್ದರೆ ಹಗುರ ಭಾಗ ಆವಿಯಾಗಿ ಅದರೊಳಗೆ ಸೇರಿಕೊಳ್ಳುತ್ತದೆ), ಐಸ್ ಡಬ್ಬಿಯಲ್ಲಿಟ್ಟು ತಂದೆ. ಆವಿಗಳನ್ನು ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮ್ಯಾಟೊಗ್ರಾಫ್‌ಗೆ ಹಾಕಿದರೆ ಪೆಟ್ರೋಲಿನ ಹಗುರ ಭಾಗಗಳಾದ ಬೆಂಜೀನ್, ಟಾಲ್ಯುಯೀನ್, ಕ್ಸೈಲೀನ್ ಸಾಲಾಗಿ ತಲೆ ಎತ್ತಿದವು. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಬೆಂಜೀನ್ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಅಂದರೆ ನಾವು ಹೊಳೆಗೆ ಬಿಡಬಹುದಾದ 'ಎಣ್ಣೆ'ಯ ಸಾವಿರದಲ್ಲೊಂದು ಪಾಲು. ಆ ಬಾವಿ ಅದನ್ನು ಆರಾಮಾಗಿ ದಾಟಿತ್ತು.

ಹೋಟೆಲಿನ ಎಣ್ಣೆಯನ್ನು ಮತ್ತೆ ಹೆಕ್ಸೇನಿನಲ್ಲಿ ಕರಗಿಸಿ ಸಿಲಿಕಾ ಜೆಲ್ ಹಾಕಿ ಕಲಕಿದೆ. ಅಡುಗೆ ಎಣ್ಣೆ ಜೆಲ್ಲಿಗೆ ಅಂಟಿಕೊಳ್ಳುತ್ತದೆ, ಡೀಸೆಲ್ ಥರದ್ದು ಮಾತ್ರ ಉಳಿಯುತ್ತದೆ. 38 ಇದ್ದದ್ದು 3ಕ್ಕೆ ಇಳಿಯಿತು.

ಹೀಗೆ ಒಂದೊಂದನ್ನೂ ಬಿಡಿಸಿ ಬರೆಯುವುದು ಆಗದ ಕೆಲಸವಲ್ಲ. 2008ರಲ್ಲಿ ನಮ್ಮ ರಿಫೈನರಿಗಳ ಮಾನದಂಡ ಬದಲಾದಾಗ ಎಣ್ಣೆಗೆ 5 ಮಿಲಿಗ್ರಾಂ, ಬೆಂಜೀನಿಗೆ ಬೇರೆಯಾಗಿ 0.1 ಅಂತ ಹಾಕಿದ್ದಾರೆ. ಅಮೆರಿಕದ ಕಥೆ ಇನ್ನೂ ವಿಚಿತ್ರ. ವಿಷವಸ್ತು ಬಿದ್ದ ಜಾಗ ಶುಚಿ ಮಾಡಿಸುವ ಅಲ್ಲಿನ 1980ರ ಸೂಪರ್‌ಫಂಡ್ ಕಾನೂನು ಅಪಾಯಕಾರಿ ವಸ್ತುಗಳ ವ್ಯಾಖ್ಯೆಯಿಂದ ಕಚ್ಚಾ ತೈಲವನ್ನೂ ಪೆಟ್ರೋಲಿನಂಥ ಅದರ ಭಾಗಗಳನ್ನೂ ಹೊರಗಿಟ್ಟಿತು. ಬರೀ ಬೆಂಜೀನ್ ಚೆಲ್ಲಿದರೆ ಅಪಾಯಕಾರಿ. ಪೆಟ್ರೋಲಿನೊಳಗಿದ್ದು ಚೆಲ್ಲಿದರೆ ಆ ಕಾನೂನಿಗೆ ಲೆಕ್ಕಕ್ಕಿಲ್ಲ.

ಈಗ ನಮ್ಮ ಫಾರಂನಲ್ಲಿ ಮೂರು ಕಾಲಂ ಮಾಡಿಸಿದ್ದೇನೆ: ಒಟ್ಟು ಎಣ್ಣೆ, ಸಿಲಿಕಾ ಜೆಲ್ ನಂತರದ ಎಣ್ಣೆ, ಬೆಂಜೀನ್ ಗುಂಪು. ಪಕ್ಕದಲ್ಲೇ ವಿಧಾನದ ಹೆಸರು. ಸೀಸೆಯಲ್ಲಿ ಗುಳ್ಳೆ ಕಂಡರೆ ನೀರು ವಾಪಸ್. ಸುಳ್ಯದಿಂದ ಬಸ್ಸಿನಲ್ಲಿ ತಂದವರು ಬೈದುಕೊಂಡೇ ಹೋಗುತ್ತಾರೆ.