ಬಫಲೊಗೆ ಬಂದ ಕನ್ನಡಿಗರಿಗೆ ಬಿಲ್ಸ್ ಮತ್ತು ಬೈಸನ್ಸ್ ಪರಿಚಯ

ಓದಲೆಂದೋ ಕೆಲಸಕ್ಕೆಂದೋ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಫಲೊ ನಗರಕ್ಕೆ ಬಂದಿಳಿದ ಕನ್ನಡಿಗರು ಮೊದಲ ಶರತ್ಕಾಲದಲ್ಲೇ ಒಂದು ವಿಚಿತ್ರವನ್ನು ಗಮನಿಸುತ್ತಾರೆ. ಅಂಗಡಿಯ ಗಲ್ಲೆಯಲ್ಲಿ ನಿಂತವರಾಗಲಿ, ಕಚೇರಿಯ ಮೇಲಧಿಕಾರಿಯಾಗಲಿ, ‘ಹೋಗಿ ಬನ್ನಿ’ ಎನ್ನಬೇಕಾದ ಜಾಗದಲ್ಲಿ ‘ಗೋ ಬಿಲ್ಸ್’ ಎನ್ನುತ್ತಾರೆ. ಬಿಲ್ಸ್ ಎಂಬುದು ಈ ಊರಿನ ವೃತ್ತಿಪರ ಫುಟ್‌ಬಾಲ್ ತಂಡ. ಇದೇ ಊರಿನ ಪೇಟೆಯ ನಡುವೆ ಬೈಸನ್ಸ್ ಎಂಬ ಮೈನರ್ ಲೀಗ್ (ಮೇಲಿನ ಲೀಗ್‌ಗೆ ಆಟಗಾರರನ್ನು ತಯಾರಿಸುವ ಕೆಳಹಂತದ) ಬೇಸ್‌ಬಾಲ್ ತಂಡವೂ ಇದೆ. ಅದರ ಹೆಸರನ್ನು ಯಾರೂ ವಿದಾಯ ಹೇಳಲು ಬಳಸುವುದಿಲ್ಲ. ಎರಡರ ಅಭಿಮಾನಿಯೂ ಆಗಿರುವ ನಾನು ಹೊಸಬರಿಗೆ ಹೇಳುವುದು ಒಂದೇ: ಮೊದಲು ಬೈಸನ್ಸ್ ಆಟಕ್ಕೆ ಹೋಗಿ, ಆಮೇಲೆ ಬಿಲ್ಸ್ ನೋಡಿ. ಈ ಸಲಹೆಯ ಹಿಂದೆ ಟಿಕೆಟ್ ದರವಷ್ಟೇ ಅಲ್ಲ, ಎರಡು ಆಟಗಳ ಹಿಂದಿರುವ ವ್ಯವಸ್ಥೆಯೂ ಇದೆ.

ಇಲ್ಲಿ ಫುಟ್‌ಬಾಲ್ ಎಂದರೆ ನಮ್ಮ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಸಾಗಿದರೆ ಮತ್ತೆ ನಾಲ್ಕು ಯತ್ನ ಸಿಗುತ್ತದೆ, ಇಲ್ಲವಾದರೆ ಚೆಂಡು ಎದುರಾಳಿಯ ಪಾಲಾಗುತ್ತದೆ. ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸಿದರೆ ಆರು ಅಂಕ, ಕಂಬಗಳ ನಡುವೆ ಒದ್ದರೆ ಮೂರು. ಇಷ್ಟು ತಿಳಿದಿದ್ದರೆ ಮೊದಲ ದಿನಕ್ಕೆ ಸಾಕು, ಉಳಿದದ್ದನ್ನು ಪಕ್ಕದ ಆಸನದವರು ಕೇಳದೆಯೇ ವಿವರಿಸುತ್ತಾರೆ.

ನ್ಯಾಷನಲ್ ಫುಟ್‌ಬಾಲ್ ಲೀಗ್‌ನಲ್ಲಿ 32 ತಂಡಗಳಿವೆ. ಎಷ್ಟು ಸೋತರೂ ಯಾವ ತಂಡವೂ ಕೆಳದರ್ಜೆಗೆ ಇಳಿಯುವುದಿಲ್ಲ, ಎಷ್ಟು ಗೆದ್ದರೂ ಹೊರಗಿನ ತಂಡವೊಂದು ಮೇಲೇರಿ ಬರುವುದಿಲ್ಲ. ಈ ಮಟ್ಟಿಗೆ ಇದು ಐಪಿಎಲ್‌ನಂಥ ಮುಚ್ಚಿದ ಕೂಟವೇ ಸರಿ. ಆದರೆ ಆಟಗಾರರ ಹಂಚಿಕೆ ಹರಾಜಿನಲ್ಲಿ ಆಗುವುದಿಲ್ಲ. ಹೈಸ್ಕೂಲು ಮುಗಿಸಿ ಮೂರು ವರ್ಷ ಕಳೆದ ತರುಣರನ್ನು ವಿಶ್ವವಿದ್ಯಾಲಯಗಳ ತಂಡಗಳಿಂದ ಏಳು ಸುತ್ತುಗಳ ‘ಡ್ರಾಫ್ಟ್’ನಲ್ಲಿ ಆರಿಸಲಾಗುತ್ತದೆ, ಮತ್ತು ಹಿಂದಿನ ವರ್ಷ ಎಲ್ಲರಿಗಿಂತ ಕೆಳಗಿದ್ದ ತಂಡಕ್ಕೆ ಮೊದಲ ಆಯ್ಕೆಯ ಹಕ್ಕು ಸಿಗುತ್ತದೆ. ಈ ಹಕ್ಕುಗಳನ್ನು ತಂಡಗಳು ಪರಸ್ಪರ ಕೊಟ್ಟು ಕೊಳ್ಳಬಹುದು. ಬಿಲ್ಸ್ ತಂಡ 2018ರಲ್ಲಿ ಹಾಗೆ ವಿನಿಮಯ ಮಾಡಿಕೊಂಡು ಮೇಲೇರಿ, ಏಳನೆಯ ಆಯ್ಕೆಯಾಗಿ ಜಾಶ್ ಆ್ಯಲನ್ ಎಂಬ ಕ್ವಾರ್ಟರ್‌ಬ್ಯಾಕ್‌ನನ್ನು (ದಾಳಿಯನ್ನು ಮುನ್ನಡೆಸಿ ಚೆಂಡೆಸೆಯುವ ಆಟಗಾರನನ್ನು) ಪಡೆಯಿತು. 2024ರ ಋತುವಿನಲ್ಲಿ ಇಡೀ ಲೀಗ್‌ನ ಶ್ರೇಷ್ಠ ಆಟಗಾರನೆಂಬ ಗೌರವ ಅವನಿಗೆ ಸಂದಿತು. ದೂರದರ್ಶನ ಪ್ರಸಾರದ ರಾಷ್ಟ್ರೀಯ ಆದಾಯವನ್ನು 32 ತಂಡಗಳಿಗೂ ಸಮನಾಗಿ ಹಂಚಲಾಗುತ್ತದೆ, ಸಂಬಳಕ್ಕೆ ಎಲ್ಲರಿಗೂ ಒಂದೇ ಮಿತಿ ಇರುತ್ತದೆ. 2025ರಲ್ಲಿ ಆ ಮಿತಿ ತಂಡವೊಂದಕ್ಕೆ ಸುಮಾರು 27.9 ಕೋಟಿ ಡಾಲರ್ ಇತ್ತು. ಮಾರುಕಟ್ಟೆಯನ್ನೇ ಸಂಪೂರ್ಣ ನಂಬುವ ದೇಶವೆಂದು ನಾವು ಭಾವಿಸಿರುವ ಅಮೆರಿಕದಲ್ಲಿ, ಅತಿ ಶ್ರೀಮಂತ ಆಟವು ಇಷ್ಟೊಂದು ಸಮಪಾಲಿನ ಮೇಲೆ ನಿಂತಿರುವುದು ನನಗೆ ಇಂದಿಗೂ ತಮಾಷೆಯಾಗಿ ಕಾಣುತ್ತದೆ. ಬಫಲೊದಂಥ ಸಣ್ಣ ಊರು ನ್ಯೂಯಾರ್ಕ್, ಲಾಸ್ ಏಂಜಲಿಸ್‌ಗಳಿಗೆ ಸಮನಾಗಿ ಸೆಣಸುತ್ತಿರುವುದು ಈ ಹಂಚಿಕೆಯ ಕಾರಣದಿಂದಲೇ.

ಸೆಣಸುವುದು ಬೇರೆ, ಗೆಲ್ಲುವುದು ಬೇರೆ. 1960ರಲ್ಲಿ ಆಡಲಾರಂಭಿಸಿದ ಬಿಲ್ಸ್, 1964 ಮತ್ತು 1965ರಲ್ಲಿ ಅಂದಿನ ಅಮೆರಿಕನ್ ಫುಟ್‌ಬಾಲ್ ಲೀಗ್‌ನ ಪ್ರಶಸ್ತಿ ಗೆದ್ದಿತ್ತು. ಆದರೆ ಋತುವಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಒಂದನ್ನೂ ಗೆದ್ದಿಲ್ಲ. 1991ರಿಂದ 1994ರವರೆಗೆ ಸತತ ನಾಲ್ಕು ಸಲ ಅಂತಿಮ ಪಂದ್ಯಕ್ಕೆ ಬಂದು ನಾಲ್ಕನ್ನೂ ಸೋತ ತಂಡ ಇದೊಂದೇ. ಮೊದಲನೆಯದು ಎಲ್ಲಕ್ಕಿಂತ ನೋವಿನದು: ಕೊನೆಯ ಕ್ಷಣಗಳಲ್ಲಿ ಬಿಲ್ಸ್‌ನ ಸ್ಕಾಟ್ ನಾರ್‌ವುಡ್ 47 ಗಜ ದೂರದಿಂದ ಒದ್ದ ಚೆಂಡು ಬಲಗಡೆಯ ಕಂಬದ ಆಚೆ ಹೋಯಿತು, ಪಂದ್ಯ 20-19ರಿಂದ ನ್ಯೂಯಾರ್ಕ್ ಜಯಂಟ್ಸ್ ಪಾಲಾಯಿತು. ಮರುದಿನ ಬಫಲೊದ ನಯಾಗರಾ ಚೌಕದಲ್ಲಿ ಸೇರಿದ ಸಾವಿರಾರು ಜನ ಅವನನ್ನು ಬಯ್ಯಲಿಲ್ಲ. ‘ನಮಗೆ ಸ್ಕಾಟ್ ಬೇಕು’ ಎಂದು ಕೂಗಿ ಅವನನ್ನು ಮುಂದೆ ಕರೆಸಿಕೊಂಡರು. 2009, 2011, 2016ರ ಫೈನಲ್‌ಗಳಲ್ಲಿ ಆರ್‌ಸಿಬಿ ಸೋತದ್ದನ್ನು ಕಂಡು, ‘ಈ ಸಲ ಕಪ್ ನಮ್ದೇ’ ಎಂದು ಪ್ರತಿವರ್ಷ ಹೇಳಿ, 2025ರಲ್ಲಿ ಕೊನೆಗೂ ಕಪ್ ಕಂಡ ನಮಗೆ ಈ ಊರಿನ ಮನಸ್ಸು ಅರ್ಥವಾಗಲು ಯಾವ ಪುಸ್ತಕವೂ ಬೇಕಿಲ್ಲ. ನನ್ನ ಕೆಂಪು ಜೆರ್ಸಿಯ ಕಥೆ ಕೇಳಿದ ಸಹೋದ್ಯೋಗಿಯೊಬ್ಬರು ಹದಿನೆಂಟು ವರ್ಷವೆಂದರೆ ಬಹಳ ಬೇಗ ಸಿಕ್ಕಿತು ಎಂದುಬಿಟ್ಟರು.

ಇಂಥ ಪ್ರೀತಿಗೆ ಬೆಲೆಯೂ ಇದೆ, ಅದನ್ನು ತೆರಿಗೆ ಕಟ್ಟುವ ನೀವೂ ತೆರುತ್ತೀರಿ. ಇಲ್ಲಿ ತಂಡವೆಂದರೆ ಮಾಲೀಕರ ಸ್ವತ್ತು. ಊರು ಒಪ್ಪಲಿ ಬಿಡಲಿ, ಅದು ಬೇರೆಡೆಗೆ ಹೊರಟುಹೋಗಬಹುದು. ಬಫಲೊದ ಬ್ಯಾಸ್ಕೆಟ್‌ಬಾಲ್ ತಂಡ 1978ರಲ್ಲಿ ಸ್ಯಾನ್ ಡಿಯೇಗೊಗೆ ಹೋಯಿತು. ಇದೇ ಈರಿ ಸರೋವರದ ದಂಡೆಯ ಕ್ಲೀವ್‌ಲ್ಯಾಂಡ್ ನಗರದ ಫುಟ್‌ಬಾಲ್ ತಂಡ 1996ರಲ್ಲಿ ಬಾಲ್ಟಿಮೋರ್ ಸೇರಿತು. ಬಿಲ್ಸ್ ತಂಡವೇ 2008ರಿಂದ 2013ರವರೆಗೆ ತನ್ನ ಕೆಲವು ತವರಿನ ಪಂದ್ಯಗಳನ್ನು ಕೆನಡಾದ ಟೊರೊಂಟೊದಲ್ಲಿ ಆಡಿದಾಗ ಇಲ್ಲಿಯವರ ಎದೆ ಹೊಡೆದುಕೊಂಡಿತ್ತು. ಈ ಭಯದ ಹಿನ್ನೆಲೆಯಲ್ಲಿ ನೋಡಿದರೆ ಮಾತ್ರ, 2022ರಲ್ಲಿ ಹೊಸ ಕ್ರೀಡಾಂಗಣಕ್ಕಾಗಿ ನ್ಯೂಯಾರ್ಕ್ ರಾಜ್ಯ 60 ಕೋಟಿ ಮತ್ತು ಬಫಲೊ ಸೇರಿರುವ ಈರಿ ಕೌಂಟಿ (ಜಿಲ್ಲೆ) 25 ಕೋಟಿ ಡಾಲರ್ ಸಾರ್ವಜನಿಕ ಹಣ ಕೊಡಲು ಒಪ್ಪಿದ್ದು ಅರ್ಥವಾಗುತ್ತದೆ. ತಂಡವನ್ನು 30 ವರ್ಷ ಇಲ್ಲೇ ಕಟ್ಟಿಹಾಕುವ ಒಪ್ಪಂದ ಅದಕ್ಕೆ ಪ್ರತಿಯಾಗಿ ಸಿಕ್ಕಿದೆ, ಅಂದಾಜು ಮೀರಿದ ಖರ್ಚನ್ನು ತಂಡವೇ ಹೊರಬೇಕು ಎಂಬ ಷರತ್ತೂ ಇದೆ. ಆದರೂ, ಅಷ್ಟು ಸಾರ್ವಜನಿಕ ಹಣ ಪಡೆದ ಕ್ರೀಡಾಂಗಣದಲ್ಲಿ ಋತುವಿನ ಟಿಕೆಟ್ ಕೊಳ್ಳುವವರು ಮೊದಲು ಆಸನದ ಪರವಾನಗಿಗೆಂದೇ ಪ್ರತ್ಯೇಕ ಮೊತ್ತ ತೆರಬೇಕೆಂಬುದು ನನಗೆ ಸರಿ ಕಂಡಿಲ್ಲ. ಹಳೆಯ ಕ್ರೀಡಾಂಗಣಕ್ಕಿಂತ ಹೊಸದರಲ್ಲಿ ಆಸನಗಳೂ ಕಡಿಮೆ.

ತವರಿನಲ್ಲಿ ಋತುವಿಗೆ ಎಂಟೋ ಒಂಬತ್ತೋ ಪಂದ್ಯಗಳು ಮಾತ್ರ ಇರುವುದರಿಂದ ಪ್ರತಿ ಪಂದ್ಯವೂ ಜಾತ್ರೆಯಂತಿರುತ್ತದೆ. ಕ್ರೀಡಾಂಗಣವಿರುವುದು ನಗರದ ದಕ್ಷಿಣಕ್ಕಿರುವ ಆರ್ಚರ್ಡ್ ಪಾರ್ಕ್‌ನಲ್ಲಿ. ಜನ ಆಟಕ್ಕೆ ಹಲವು ಗಂಟೆ ಮೊದಲೇ ಬಂದು, ವಾಹನ ನಿಲ್ದಾಣದಲ್ಲಿ ಕಾರಿನ ಹಿಂಬಾಗಿಲು ತೆರೆದು, ಒಲೆ ಹಚ್ಚಿ ಅಡುಗೆ ಮಾಡಿ ಉಣ್ಣುತ್ತಾರೆ; ಇದನ್ನು ಟೇಲ್‌ಗೇಟಿಂಗ್ ಎನ್ನುತ್ತಾರೆ. ಸಸ್ಯಾಹಾರಿಗಳು ಮನೆಯಿಂದ ಚಿತ್ರಾನ್ನ ಕಟ್ಟಿಕೊಂಡು ಹೋದರೆ ಯಾರೂ ಹುಬ್ಬೇರಿಸುವುದಿಲ್ಲ, ಒಂದು ತುತ್ತು ಕೇಳಿಯಾರು. ಒಳಗೆ ಪಾರದರ್ಶಕ ಚೀಲ ಬಿಟ್ಟು ದೊಡ್ಡ ಚೀಲ ಒಯ್ಯುವಂತಿಲ್ಲ. ಈ ನಿಯಮ 2013ರಿಂದ ಇಡೀ ಲೀಗ್‌ನಲ್ಲಿದೆ. ಡಿಸೆಂಬರ್ ಪಂದ್ಯಕ್ಕೆ ಹೋಗುವವರು ಕಾಲಿನ ಕೆಳಗೆ ಹಾಸಲು ರಟ್ಟಿನ ತುಂಡೊಂದನ್ನು ಒಯ್ಯಬೇಕು, ಚಳಿ ಏರುವುದು ಕಾಂಕ್ರೀಟಿನಿಂದ. 2024ರ ಜನವರಿಯಲ್ಲಿ ಹಿಮಪಾತದಿಂದ ಪ್ಲೇಆಫ್ ಪಂದ್ಯ ಒಂದು ದಿನ ಮುಂದಕ್ಕೆ ಹೋದಾಗ, ಆಸನಗಳ ಹಿಮ ತೆಗೆಯಲು ತಂಡವು ಗಂಟೆಗೆ 20 ಡಾಲರ್ ಕೊಟ್ಟು ಊರಿನವರನ್ನೇ ಕರೆದಿತ್ತು.

ಈಗ ಬೇಸ್‌ಬಾಲ್. ಫುಟ್‌ಬಾಲ್ ಲೀಗ್ ತನ್ನ ಆಟಗಾರರನ್ನು ತಯಾರಿಸುವ ಕೆಲಸವನ್ನು ವಿಶ್ವವಿದ್ಯಾಲಯಗಳಿಗೆ ಬಿಟ್ಟಿದೆ. ಬೇಸ್‌ಬಾಲ್ ಮಾತ್ರ ತನ್ನದೇ ಪಾಠಶಾಲೆಗಳನ್ನು ಇಟ್ಟುಕೊಂಡಿದೆ. ಬೇಸ್‌ಬಾಲಿನ ಅಗ್ರ ಕೂಟವಾದ ಮೇಜರ್ ಲೀಗ್‌ನ 30 ತಂಡಗಳಲ್ಲಿ ಪ್ರತಿಯೊಂದಕ್ಕೂ ನಾಲ್ಕು ಮೆಟ್ಟಿಲುಗಳಲ್ಲಿ ಒಂದೊಂದು ಅಂಗತಂಡವಿದ್ದು, ಒಟ್ಟು 120 ಆಗುತ್ತವೆ. 2021ರಲ್ಲಿ ಮೇಜರ್ ಲೀಗ್ ಇಡೀ ವ್ಯವಸ್ಥೆಯನ್ನು ತನ್ನ ಕೈಗೆ ತೆಗೆದುಕೊಂಡಾಗ ನಲವತ್ತಕ್ಕೂ ಹೆಚ್ಚು ಸಣ್ಣ ಊರುಗಳ ತಂಡಗಳು ಈ ಸಂಬಂಧ ಕಳೆದುಕೊಂಡವು; ಅದನ್ನು ಸುಧಾರಣೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಟ್ರಿಪಲ್-ಎ ಎಂಬುದು ಅತ್ಯಂತ ಮೇಲಿನ ಮೆಟ್ಟಿಲು, ಬೈಸನ್ಸ್ ಇರುವುದು ಅಲ್ಲಿ. 2013ರಿಂದ ಅದು ಟೊರೊಂಟೊ ಬ್ಲೂ ಜೇಸ್‌ನ ಅಂಗತಂಡ. ಅದಕ್ಕೂ ಮೊದಲು ಪಿಟ್ಸ್‌ಬರ್ಗ್, ಕ್ಲೀವ್‌ಲ್ಯಾಂಡ್, ನ್ಯೂಯಾರ್ಕ್ ಮೆಟ್ಸ್ ತಂಡಗಳ ಜೊತೆಗಿತ್ತು.

ಈ ಸಂಬಂಧದ ಅರ್ಥ ಹೀಗಿದೆ. ಆಟಗಾರರನ್ನೂ ತರಬೇತುದಾರರನ್ನೂ ನೇಮಿಸಿ ಸಂಬಳ ಕೊಡುವುದು ಟೊರೊಂಟೊ; ಟಿಕೆಟ್, ತಿಂಡಿ, ಜಾಹೀರಾತುಗಳ ವ್ಯಾಪಾರ ನಡೆಸುವುದು ಬಫಲೊದ ಮಾಲೀಕರು. ಹೀಗಾಗಿ ಯಾರು ಆಡಬೇಕು, ಎಷ್ಟು ಹೊತ್ತು ಆಡಬೇಕು ಎಂಬುದರಲ್ಲಿ ಈ ಊರಿಗೆ ದನಿಯೇ ಇಲ್ಲ. ಶುಕ್ರವಾರ ಎರಡು ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್‌ನಂಥ ಹೊಡೆತ) ಹೊಡೆದು ನಿಮ್ಮ ಮಗಳ ಮೆಚ್ಚಿನ ಆಟಗಾರನಾದವನು ಶನಿವಾರ ಬೆಳಗ್ಗೆ ಗಡಿ ದಾಟಿ ಸುಮಾರು 160 ಕಿಲೋಮೀಟರ್ ದೂರದ ಟೊರೊಂಟೊ ತಲುಪಿರಬಹುದು; ಗಾಯದಿಂದ ಚೇತರಿಸಿಕೊಳ್ಳುತ್ತಿರುವ ಪ್ರಖ್ಯಾತನೊಬ್ಬ ಎರಡು ದಿನಗಳ ಮಟ್ಟಿಗೆ ಇಲ್ಲಿ ಆಡಲು ಬರಲೂಬಹುದು. ಗೆಲುವು ಎರಡನೆಯ ಮಾತು, ತಯಾರಿ ಮೊದಲನೆಯದು. ರಣಜಿ ಆಡುವ ಹುಡುಗನೊಬ್ಬ ಋತುವಿನ ನಡುವೆ ಭಾರತ ತಂಡಕ್ಕೆ ಕರೆ ಬಂದು ಹೊರಟಾಗ ಆಗುವ ಹೆಮ್ಮೆ ಮತ್ತು ಬೇಸರ ಎರಡನ್ನೂ ಇಲ್ಲಿ ಬೇಸಿಗೆಯುದ್ದಕ್ಕೂ ಅನುಭವಿಸಬೇಕಾಗುತ್ತದೆ.

ಈ ಏಣಿ ಎಷ್ಟು ವೇಗವಾಗಿ ಕೆಲಸ ಮಾಡಬಲ್ಲದೆಂಬುದಕ್ಕೆ ಟ್ರೇ ಯೆಸಾವೇಜ್ ಎಂಬ ಪಿಚರ್ (ಚೆಂಡೆಸೆಯುವವ) ಸಾಕ್ಷಿ. 2025ರ ಋತುವನ್ನು ಅವನು ಫ್ಲಾರಿಡಾದ ಡನೀಡನ್‌ನಲ್ಲಿ, ಅಂದರೆ ಕೆಳಗಿನ ಮೆಟ್ಟಿಲಲ್ಲಿ, ಆರಂಭಿಸಿದ. ವ್ಯಾಂಕೂವರ್, ನ್ಯೂ ಹ್ಯಾಂಪ್‌ಶೈರ್, ಬಫಲೊಗಳನ್ನು ದಾಟಿ ಸೆಪ್ಟೆಂಬರ್‌ನಲ್ಲಿ ಟೊರೊಂಟೊ ಸೇರಿದ. ಅಕ್ಟೋಬರ್ ಕೊನೆಯಲ್ಲಿ ಮೇಜರ್ ಲೀಗ್‌ನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್‌ನ ಐದನೆಯ ಪಂದ್ಯದಲ್ಲಿ ಲಾಸ್ ಏಂಜಲಿಸ್ ಡಾಜರ್ಸ್‌ನ ಬ್ಯಾಟರ್‌ಗಳನ್ನು 12 ಸಲ ಸ್ಟ್ರೈಕ್ ಔಟ್ ಮಾಡಿದ, ಅಂದರೆ ಹೊಡೆಯಲು ಬಿಡದೆ ಔಟ್ ಮಾಡಿದ. ಹೆಚ್ಚಿನವರ ಹಾದಿ ಇಷ್ಟು ಸುಗಮವಲ್ಲ. ಮೈನರ್ ಲೀಗ್ ಆಟಗಾರರು 2022ರಲ್ಲಿ ಸಂಘ ಕಟ್ಟಿಕೊಳ್ಳುವವರೆಗೆ ಟ್ರಿಪಲ್-ಎ ಆಟಗಾರನ ಕನಿಷ್ಠ ಸಂಬಳ ವರ್ಷಕ್ಕೆ 17,500 ಡಾಲರ್ ಇತ್ತು. 2023ರ ಒಪ್ಪಂದ ಅದನ್ನು 35,800ಕ್ಕೆ ಏರಿಸಿತು. ಅದೇ ಹುಡುಗ ಗಡಿ ದಾಟಿದರೆ 2025ರ ಕನಿಷ್ಠ ದರ ವರ್ಷಕ್ಕೆ 7,60,000 ಡಾಲರ್. ಬಫಲೊವನ್ನು ಕೆನಡಾಕ್ಕೆ ಜೋಡಿಸುವ ಪೀಸ್ ಸೇತುವೆಯ ಈ ಬದಿಗೂ ಆ ಬದಿಗೂ ಇರುವ ವ್ಯತ್ಯಾಸ ಇಷ್ಟು. ಒಂಬತ್ತನೆಯ ಇನಿಂಗ್ಸ್‌ನಲ್ಲಿ ಸೋಲು ಖಚಿತವಾಗಿದ್ದರೂ ಬ್ಯಾಟರ್ ಏಕೆ ಮೊದಲ ಬೇಸ್‌ಗೆ (ಚೆಂಡು ಹೊಡೆದವನು ಮೊದಲು ತಲುಪಬೇಕಾದ ತಾಣಕ್ಕೆ) ಪ್ರಾಣ ಬಿಟ್ಟು ಓಡುತ್ತಾನೆ ಎಂದು ಈಗ ನಿಮಗೆ ಕೇಳಬೇಕಾಗುವುದಿಲ್ಲ.

ಬೈಸನ್ಸ್ ಆಡುವ ಸೇಲನ್ ಫೀಲ್ಡ್ 1988ರಲ್ಲಿ ತೆರೆದದ್ದು, ಮೇಜರ್ ಲೀಗ್ ತಂಡವೊಂದು ಬಫಲೊಗೆ ಬಂದೀತೆಂಬ ಆಸೆಯಿಂದ ಕಟ್ಟಿದ್ದು. ಮೊದಲ ವರ್ಷವೇ ಹತ್ತು ಲಕ್ಷಕ್ಕೂ ಹೆಚ್ಚು ಜನ ಬಂದರು, ಆದರೂ 1991ರಲ್ಲಿ ಹೊಸ ತಂಡಗಳು ಮಯಾಮಿ ಮತ್ತು ಡೆನ್ವರ್‌ಗೆ ಹೋದವು. ಆ ಆಸೆ ಈಡೇರಿದ್ದು ಯಾರೂ ಊಹಿಸದ ರೀತಿಯಲ್ಲಿ: ಕೋವಿಡ್ ಕಾಲದಲ್ಲಿ ಕೆನಡಾ ಗಡಿ ಬಿಗಿಯಾದಾಗ ಬ್ಲೂ ಜೇಸ್ ತಂಡವೇ 2020ರಲ್ಲಿ ಖಾಲಿ ಆಸನಗಳ ಮುಂದೆ, 2021ರ ಜೂನ್ ಮತ್ತು ಜುಲೈಯಲ್ಲಿ ಪ್ರೇಕ್ಷಕರ ಮುಂದೆ, ಇಲ್ಲಿ ತವರಿನ ಪಂದ್ಯಗಳನ್ನಾಡಿತು. ಆ ಬೇಸಿಗೆ ಬೈಸನ್ಸ್ ತಮ್ಮ ಮನೆಯನ್ನು ದೊಡ್ಡವರಿಗೆ ಬಿಟ್ಟುಕೊಟ್ಟು ನ್ಯೂಜರ್ಸಿಯ ಟ್ರೆಂಟನ್‌ನಲ್ಲಿ ಆಡಬೇಕಾಯಿತು.

ವಸಂತದ ಆರಂಭದಿಂದ ಸೆಪ್ಟೆಂಬರ್‌ವರೆಗಿನ 150 ಪಂದ್ಯಗಳಲ್ಲಿ ಅರ್ಧ ಇಲ್ಲೇ ನಡೆಯುತ್ತವೆ. ಸಾಮಾನ್ಯವಾಗಿ ಒಂದೇ ಎದುರಾಳಿಯೊಡನೆ ಮಂಗಳವಾರದಿಂದ ಭಾನುವಾರದವರೆಗೆ ಆರು ಪಂದ್ಯಗಳಿರುತ್ತವೆ, ಸೋಮವಾರ ಬಿಡುವು. ಏಪ್ರಿಲ್‌ನಲ್ಲಿ ಸರೋವರದ ಗಾಳಿ ಎಲುಬಿಗೆ ನಾಟುತ್ತದೆ, ಆದ್ದರಿಂದ ಊರಿನಿಂದ ಬಂದ ತಂದೆತಾಯಿಯರನ್ನು ಕರೆದೊಯ್ಯುವವರು ಜೂನ್‌ವರೆಗೆ ಕಾಯುವುದು ಲೇಸು. ಆಟ ಅರ್ಥವಾಗದಿದ್ದರೂ ಅವರಿಗೆ ಒಂದು ಸಂಗತಿ ಹಿಡಿಸುತ್ತದೆ: ಅಂಪೈರ್ ಚೆಂಡಿನ ಬಗ್ಗೆ ಕೊಟ್ಟ ತೀರ್ಪನ್ನು ಬ್ಯಾಟರ್ ತಲೆ ತಟ್ಟಿ ಪ್ರಶ್ನಿಸಿದಾಗ ಪರದೆಯ ಮೇಲೆ ಚೆಂಡಿನ ಹಾದಿ ಮೂಡುವುದು ನಮ್ಮ ಡಿಆರ್‌ಎಸ್‌ನಂತೆಯೇ ಇದೆ. ಮೇಜರ್ ಲೀಗ್ ಅದನ್ನು 2026ಕ್ಕೆ ಒಪ್ಪುವ ಮೊದಲೇ ಇಲ್ಲಿ ಪ್ರಯೋಗ ನಡೆದಿತ್ತು. ಮೊದಲ ಸಲ ಹೋಗುವವರು ವಾರದ ನಡುವಿನ ಪಂದ್ಯವನ್ನು ಆರಿಸಿಕೊಂಡು, ಮೊದಲ ಬೇಸ್ ಕಡೆಯ ಕೆಳಗಿನ ಸಾಲಿನಲ್ಲಿ ಕುಳಿತುಕೊಳ್ಳಿ. ಆಟಗಾರರು ತಮ್ಮತಮ್ಮಲ್ಲಿ ಆಡುವ ಮಾತು ಅಲ್ಲಿಗೆ ಕೇಳಿಸುತ್ತದೆ.